ಸ್ವಾತಂತ್ರ್ಯ ದಿನದ ಮಧ್ಯಾಹ್ನ ಹೆಣ್ಣು ನೋಡಲು ಬಂದವರು

ತಂಗಿಯನ್ನು ನೋಡಲು ಬರುವವರು ದಿನವನ್ನೂ ಹೊತ್ತನ್ನೂ ತಾವೇ ಗೊತ್ತು ಮಾಡಿದ್ದರು. ಆಗಸ್ಟ್ ಹದಿನೈದು, ಮಧ್ಯಾಹ್ನ. ಹುಡುಗ ಸೊರಬದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಬೆಳಿಗ್ಗೆ ಧ್ವಜ ಹಾರಿಸಿ, ಮಕ್ಕಳಿಗೆ ಸಿಹಿ ಹಂಚಿ ಹೊರಟರೆ ಶಿಕಾರಿಪುರದ ಪಕ್ಕದ ನಮ್ಮ ಹಳ್ಳಿಗೆ ಆ ಹೊತ್ತಿಗೇ ತಲುಪಬಹುದು. ಅಷ್ಟರಮಟ್ಟಿಗೆ ಅನುಮಾನಪಡುವಂಥದ್ದೇನೂ ಇರಲಿಲ್ಲ. ಆದರೆ ಸಂಬಂಧ ಕುದುರಿಸುತ್ತಿದ್ದವರು, ಸೊರಬದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಅಪ್ಪನ ಸ್ನೇಹಿತರು, ಫೋನಿನಲ್ಲಿ ಇನ್ನೊಂದು ಮಾತು ಸೇರಿಸಿದರು.

"ಹುಡುಗಿ ಒಂದ್ ಸ್ವಲ್ಪ ಹೊತ್ತು ಅಂಗಳಕ್ಕೆ ಬಂದು ಬಿಸಿಲಲ್ಲಿ ನಿಲ್ಬೇಕಂತೆ. ಎಂತಕ್ಕೆ ಅಂತ ನಂಗೂ ಹೇಳಿಲ್ಲ ಮಾರಾಯ್ರೆ."

ಅಪ್ಪ ಫೋನಿಟ್ಟ. ಆಮೇಲೆ ನನಗೆ ಫೋನ್ ಮಾಡಿದ. ನಾನು ಶಿಕಾರಿಪುರದ ಪೇಟೆಯಲ್ಲಿ ಗಂಡನ ಮನೆಯಲ್ಲಿದ್ದೆ.

"ಅಕಿನ್ನ ನಡಿಸಿ ನೋಡ್ತಾರವ್ವ. ಅದಕ್ಕ ಬಿಸಿಲು ಬೇಕಂತ."

ನನಗೂ ಹಾಗೆಯೇ ಅನ್ನಿಸಿತು. ತಂಗಿ ಕೆಲವು ವರ್ಷಗಳ ಹಿಂದೆ ಕುರಿ ಹಿಂಡಿನ ಹಿಂದೆ ಕೆರೆಯ ಏರಿ ಇಳಿಯುವಾಗ ಬಿದ್ದು ಪಾದದ ಗಂಟು ಮುರಿದುಕೊಂಡಿದ್ದಳು. ಮೂಳೆ ಸರಿಯಾಗಿ ಕೂಡಲಿಲ್ಲ. ನಿಂತರೆ ಗೊತ್ತಾಗುವುದಿಲ್ಲ, ನಡೆದರೆ ಎಡಗಾಲು ಸ್ವಲ್ಪ ಎಳೆಯುತ್ತದೆ. ಇದನ್ನು ಮುಚ್ಚಿಡಬಾರದೆಂದು ಅಪ್ಪ ಮಧ್ಯಸ್ಥರಿಗೆ ಮೊದಲೇ ಹೇಳಿದ್ದ. ಹೇಳಿದ ಮೇಲೂ ಅಂಗಳದಲ್ಲಿ ನಿಲ್ಲಿಸಿ ನೋಡಬೇಕೆಂದರೆ ಅವರು ಎಂಥ ಜನವೋ ಎಂದು ನಾನೂ ಕುದಿದೆ.

ಅಜ್ಜಿಯ ಅನುಮಾನವೇ ಬೇರೆ. ಅವಳ ತವರು ಈಸೂರು. ನಲವತ್ತೆರಡರ ಸ್ವಾತಂತ್ರ್ಯ ಹೋರಾಟದಲ್ಲಿ ಪೊಲೀಸರಿಗೆ ಹೆದರಿ ಊರ ಜನ ಮನೆ ಬಿಟ್ಟು ಕಾಡಿಗೆ ಓಡಿದಾಗ ಅವಳು ಕಂಕುಳ ಕೂಸು. ಆ ಓಟ ಅವಳಿಗೆ ನೆನಪಿಲ್ಲ. ಆದರೆ ತನ್ನವ್ವನ ಬಾಯಿಂದ ಕೇಳಿ ಕೇಳಿ ಅದರ ಹೆದರಿಕೆ ಅವಳಲ್ಲಿ ಉಳಿದುಬಿಟ್ಟಿತ್ತು. ಸ್ವಾತಂತ್ರ್ಯ ಬಂದ ದಿನವೆಂದು ಪ್ರತಿ ವರ್ಷ ಒಗೆದ ಸೀರೆ ಉಟ್ಟು ಶಾಲೆಯ ಧ್ವಜಕ್ಕೆ ಕೈಮುಗಿದು ಬರುತ್ತಿದ್ದವಳು ಆ ಸಲ ಹೋಗಲೇ ಇಲ್ಲ. ಕಟ್ಟೆಯ ಮೇಲೆ ಕಾವಲು ಕೂತಳು.

"ದಿನ ಹೇಳಿ, ಹೊತ್ತು ಹೇಳಿ, ಹೊರಗ ಬಂದು ನಿಲ್ಲು ಅಂತಾರಲ್ಲ, ಅಂಥೋರು ಒಳ್ಳೇದಕ್ಕ ಬರಂಗಿಲ್ಲ," ಎಂದಳು.

ನಾನು ಬೆಳಿಗ್ಗೆಯೇ ತವರಿಗೆ ಬಂದಿದ್ದೆ. ಅವರು ಬಂದಾಗ ಆಕಾಶ ತುಂಬ ಮೋಡ. ಹುಡುಗ, ಅವನ ತಾಯಿ, ಇಬ್ಬರೇ. ಮಧ್ಯಸ್ಥರು ಅಂಗಡಿ ಬಿಟ್ಟು ಬರಲಾಗಲಿಲ್ಲವಂತೆ. ಅದೂ ನನಗೆ ಸರಿ ಕಾಣಲಿಲ್ಲ. ಉಪ್ಪಿಟ್ಟು ಕೊಟ್ಟೆವು. ತಂಗಿ ಅವರು ಬರುವ ಮೊದಲೇ ಚಾಪೆಯ ಮೇಲೆ ಬಂದು ಕೂತಿದ್ದಳು. ಹುಡುಗ ಅವಳನ್ನು ನೋಡಿದ್ದಕ್ಕಿಂತ ಬಾಗಿಲಾಚೆಯ ಆಕಾಶವನ್ನು ನೋಡಿದ್ದೇ ಹೆಚ್ಚು. ನಡುನಡುವೆ ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದ. ಹನ್ನೆರಡು ದಾಟಿತು. ಒಂದು ಸ್ಟೀಲ್ ಲೋಟ ಕೇಳಿ ಇಸಿದುಕೊಂಡ, ಅಂಗಳದ ಸಮತಟ್ಟಾದ ಕಲ್ಲಿನ ಮೇಲೆ ಅದನ್ನು ಬೋರಲು ಹಾಕಿ ಬಂದ.

"ಈಗ ಅವರು ಒಂದ್ಸಲ ಹೊರಗೆ ಬರಬಹುದಾ?" ಎಂದ.

ಅಪ್ಪನ ಸಹನೆ ಮುಗಿಯಿತು.

"ಯಾಕ್ರೀ ಬರ್ಬೇಕು? ಅಕಿ ಕಾಲು ಸ್ವಲ್ಪ ಎಳೀತೈತಿ ಅಂತ ಮೊದಲೇ ಹೇಳೀವಲ್ರಿ. ಮತ್ತ ನಡಿಸಿ ನೋಡಿ ಏನು ಪರೀಕ್ಷೆ ಮಾಡ್ತೀರಿ? ಕುರಿ ಕೊಳ್ಳಾಕ ಬಂದೀರೇನು?"

ಹುಡುಗ ತಾಯಿಯ ಕಡೆ ತಿರುಗಿದ. ಅವನ ತಾಯಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು.

"ಕಾಲಾ? ನಮಗೆ ಯಾರೂ ಹೇಳ್ಲಿಲ್ವಲ್ಲ," ಎಂದರು.

ಯಾರೂ ಕೇಳದಿದ್ದ ವಿಷಯವನ್ನು ನಾವೇ ಹೇಳಿಬಿಟ್ಟಿದ್ದೆವು. ಆಗ ತಂಗಿ ಎದ್ದಳು. ಎದ್ದು, ಎಲ್ಲರೂ ನೋಡುತ್ತಿರುವಂತೆಯೇ, ಕಾಲೆಳೆಯುತ್ತ ಅಂಗಳಕ್ಕೆ ನಡೆದಳು.

"ಬಂದೀನ್ರಿ. ಏನು ನೋಡ್ತೀರೋ ನೋಡ್ರಿ," ಎಂದಳು.

"ನಿಮ್ಮ ಕಾಲು ನೋಡೋಕಲ್ಲ, ನಿಮಗೆ ನೆರಳು ತೋರಿಸೋಣ ಅಂತಿದ್ದೆ," ಎಂದ ಹುಡುಗ. ಅವನ ದನಿ ಸಣ್ಣಗಾಗಿತ್ತು. "ವರ್ಷಕ್ಕೆ ಎರಡೇ ಸಲ ಸೂರ್ಯ ನಮ್ಮ ನೆತ್ತಿ ಮೇಲೆ ಸರಿಯಾಗಿ ಬರ್ತಾನೆ, ಆಗ ನೆರಳು ಕಾಲಡಿಗೇ ಸೇರಿಬಿಡುತ್ತೆ. ಏಪ್ರಿಲ್ ಕೊನೆಗೆ ಒಂದ್ಸಲ, ದಕ್ಷಿಣಕ್ಕೆ ವಾಪಸ್ ಹೋಗುವಾಗ ಒಂದ್ಸಲ. ನಮ್ಮ ಸೊರಬ, ಶಿಕಾರಿಪುರದ ಕಡೆ ಆ ಎರಡನೇದು ಸ್ವಾತಂತ್ರ್ಯ ದಿನದ ಹತ್ರಾನೇ ಬೀಳುತ್ತೆ. ಬೆಂಗಳೂರಿಗೆ ಹೋದ್ರೆ ಅಲ್ಲಿ ದಿನ ಬೇರೆ."

"ದಿನಾ ಮಧ್ಯಾಹ್ನ ನೆರಳು ಕಾಲ ಬುಡದಾಗ ಇರ್ತೈತಿ. ಅದರಾಗೇನು ಹೊಸಾದು?" ಎಂದ ಅಪ್ಪ.

"ಇರೋದಿಲ್ಲ ಸರ್. ಒಂದಿಷ್ಟು ಆ ಕಡೆ ಈ ಕಡೆ ಚಾಚಿರುತ್ತೆ."

ಅಷ್ಟರಲ್ಲಿ ಮೋಡ ಹರಿಯಿತು. ಹನ್ನೆರಡೂವರೆಯ ಸುಮಾರು. ಬಿಸಿಲು ಒಮ್ಮೆಲೇ ಸುರಿಯಿತು. ಕಲ್ಲಿನ ಮೇಲಿನ ಲೋಟದ ಸುತ್ತ ಕಪ್ಪು ಗೆರೆ ಕೂಡ ಇರಲಿಲ್ಲ. ಯಾರೋ ಚಿತ್ರ ಬರೆದು ನೆರಳು ಹಾಕುವುದನ್ನು ಮರೆತಂತೆ ಅದು ಕಲ್ಲಿನಿಂದ ಸ್ವಲ್ಪ ಮೇಲೆ ತೇಲುತ್ತಿರುವ ಹಾಗೆ ಕಂಡಿತು. ತಂಗಿ ಬಗ್ಗಿ ನೋಡಿದಳು, ಲೋಟವನ್ನು ಸುತ್ತ ತಿರುಗಿಸಿದಳು. ಆಮೇಲೆ ತನ್ನ ಪಾದಗಳನ್ನು ನೋಡಿಕೊಂಡಳು. ಅಜ್ಜಿ ಕಟ್ಟೆಯಿಂದ ಕೂಗಿದಳು: "ಒಳಗ ಬಾರವ್ವ! ನೆರಳು ಕಾಣದಿದ್ರ ಆಯುಷ್ಯ ಕಮ್ಮಿ ಆಕೈತಿ!" ತಂಗಿ ಬರಲಿಲ್ಲ. ಮತ್ತೆ ಮೋಡ ಮುಚ್ಚುವವರೆಗೂ ಅಲ್ಲಿಯೇ ನಿಂತಿದ್ದಳು.

ಅವರು ಏನೂ ಹೇಳದೆ ಹೊರಟುಹೋದರು. ಕಾಲಿನ ಸುದ್ದಿ ಗೊತ್ತಿತ್ತು, ನೆರಳಿನ ನೆಪ ಮಾಡಿ ನಡಿಗೆ ನೋಡಿ ಹೋದರು ಎಂದು ಅಪ್ಪ ಸಂಜೆಯವರೆಗೂ ಹೇಳಿದ. ನಾನು ಹೌದೆಂದೆ.

ಮುಂದಿನ ವಾರ ನಾನು ತವರಿಗೆ ಬಂದಿದ್ದ ದಿನವೇ ಹುಡುಗ ಒಬ್ಬನೇ ಬಂದ. ತಂಗಿಯೇ ಹೊರಗೆ ಹೋಗಿ ಮಾತಾಡಿಸಿದಳು; ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

"ಖರೇ ಹೇಳ್ರಿ. ನಿಮಗ ಮೊದಲೇ ಗೊತ್ತಿತ್ತೋ ಇಲ್ಲೋ?"

"ಗೊತ್ತಿರ್ಲಿಲ್ಲ. ಗೊತ್ತಾದ ಮೇಲೆ ಬಂದಿದೀನಿ."

"ಹೆಣ್ಣು ನೋಡಾಕ ಬಂದೋರು ನೆರಳು ಯಾಕ ತೋರಿಸ್ಬೇಕಿತ್ತು?"

"ಅದನ್ನ ನೋಡಿ ಏನಂತೀರಿ ಅಂತ ನೋಡ್ಬೇಕಿತ್ತು. ಶಾಲೇಲಿ ಮಕ್ಕಳು ಬಿಟ್ರೆ ಯಾರೂ ಬಗ್ಗಿ ನೋಡಲ್ಲ."

ಮದುವೆಯಾಯಿತು. ಮದುವೆಯ ಊಟದ ಹೊತ್ತಿನಲ್ಲಿ ನಾನು ಮಧ್ಯಸ್ಥರನ್ನು ಹಿಡಿದು ಕೇಳಿದೆ. "ಹೇಳಿದ್ದೆ ಕಣಮ್ಮ, ಹುಡುಗನ ಅಮ್ಮನ ಹತ್ರಾನೇ ಹೇಳಿದ್ದೆ," ಎಂದರು. ಬೀಗಿತ್ತಿಯನ್ನು ಕೇಳಿದರೆ, "ದೇವರಾಣೆ, ಅವರು ಹೇಳೇ ಇಲ್ಲ," ಎಂದರು. ಇಬ್ಬರಲ್ಲಿ ಒಬ್ಬರ ಮಾತು ಸುಳ್ಳು. ಯಾರದು ಎಂಬುದು ಇವತ್ತಿಗೂ ತಿಳಿದಿಲ್ಲ.

ತಂಗಿ ಈಗ ಸೊರಬದಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಾಳೆ, ನಗುನಗುತ್ತ ಇದ್ದಾಳೆ. ಅವಳ ಗಂಡನ ಮೇಲೆ ನನಗೆ ದೂರಿಲ್ಲ. ನಾನು ಹೋದಾಗೆಲ್ಲ ಅವಳ ಅತ್ತೆ ಬಲವಂತ ಮಾಡಿ ಬಡಿಸುತ್ತಾರೆ. ತಂಗಿ ನೀರಿನ ಕೊಡ ಹೊತ್ತು ಹೊಸ್ತಿಲು ದಾಟುವಾಗ ಅವರು ಎದ್ದು ಹೋಗಿ, "ಇಲ್ಲಿ ತಾ," ಎಂದು ಇಸಿದುಕೊಳ್ಳುತ್ತಾರೆ. ಅದು ಅಕ್ಕರೆಯೋ, ಅವಳ ನಡಿಗೆ ನಾಲ್ಕು ಜನರ ಕಣ್ಣಿಗೆ ಬೀಳದಿರಲಿ ಎಂದೋ ತಿಳಿಯದೆ, ಊಟ ಮಾಡುತ್ತ ಅವರ ಮುಖವನ್ನೇ ನೋಡುತ್ತಿರುತ್ತೇನೆ.