ರಿವರ್ಸ್ ಗೇರಿನ ಪಾಂತೆಲಿಮೊನ್

ಇಪ್ಪತ್ತೊಂದು ವರ್ಷ ಪಾಂತೆಲಿಮೊನ್ ಪಂದ್ಯದ ದಿನ ಬಸ್ಸನ್ನು ಒಂದು ಗೇಣೂ ಹಿಂದಕ್ಕೆ ಬಿಟ್ಟವನಲ್ಲ. ಆಟಗಾರರನ್ನು ಹೊತ್ತ ಬಸ್ಸು ಹಿಂದೆ ಸರಿದರೆ ತಂಡವೂ ಹಿಂದೆ ಸರಿಯುತ್ತದೆ. ರೊಮೇನಿಯಾದಲ್ಲಿ ಫುಟ್ಬಾಲ್ ತಂಡದ ಯಾವ ಡ್ರೈವರನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ಅದಕ್ಕೇ ಅವನು ಶುಕ್ರವಾರ ಸಂಜೆಯೇ ಬಸ್ಸಿನ ಮೂತಿಯನ್ನು ಗೇಟಿನ ಕಡೆ ತಿರುಗಿಸಿ ನಿಲ್ಲಿಸಿ ಮನೆಗೆ ಹೋಗುತ್ತಿದ್ದ. ಯಾವ ಊರಿನ ಮೈದಾನದ ಹತ್ತಿರ ಸುತ್ತು ಹೊಡೆಯಲು ಜಾಗ ಇದೆ, ಎಲ್ಲಿ ಇಗರ್ಜಿಯನ್ನು ಬಳಸಿ ಬರಬೇಕು, ಎಲ್ಲಿ ಪೆಟ್ರೋಲ್ ಬಂಕಿನೊಳಗೆ ನುಗ್ಗಿ ಆಚೆ ಬಾಗಿಲಿನಿಂದ ಹೊರಡಬೇಕು, ಎಲ್ಲ ಬಾಯಿಪಾಠ. ಒಮ್ಮೆ ದಾರಿ ತಪ್ಪಿದಾಗ ಹಿಂದೆ ಬರುವ ಬದಲು ಒಂಬತ್ತು ಕಿಲೋಮೀಟರ್ ಮುಂದೆ ಹೋಗಿ ತಿರುಗಿಸಿಕೊಂಡು ಬಂದಿದ್ದ. ಅವತ್ತು ನಾಲ್ಕು ಗೋಲಿನಿಂದ ಗೆದ್ದರು. ಆ ಗೆಲುವಿನಲ್ಲಿ ಕಾಲು ಭಾಗ ತನ್ನದು ಅಂತ ಅವನ ನಂಬಿಕೆ.

ನಂಬಿಕೊಂಡರೆ ತಪ್ಪೇನು? ಅವನಿಗೆ ನಂಬಲು ಉಳಿದಿದ್ದದ್ದಾದರೂ ಏನು? ಹದಿನೆಂಟನೇ ವಯಸ್ಸಿಗೆ ರುಂಕುಲೆತ್ಸ್ ಊರಿನ ನೂಲಿನ ಗಿರಣಿಗೆ ಸೇರಿದ, ಕದಿರುಗಳನ್ನು ರಿಪೇರಿ ಮಾಡುವ ಕೆಲಸಕ್ಕೆ. ಗಿರಣಿ ಮುಚ್ಚಿತು. ಯಂತ್ರಗಳನ್ನು ತುಂಡು ಮಾಡಿ ಗುಜರಿಗೆ ಹಾಕಿದರು. ಊರಿನ ಅರ್ಧ ಜನ ಇಟಲಿಗೆ ತೋಟದ ಕೆಲಸಕ್ಕೆ ಹೋದರು. ಉಳಿದದ್ದು ಗಿರಣಿ ಕಟ್ಟಿದ್ದ ಫುಟ್ಬಾಲ್ ತಂಡ ಒಂದೇ. ಅದರ ಹೆಸರು ಇವತ್ತಿಗೂ ‘ಫಿಲಾತುರಾ’, ಅಂದರೆ ನೂಲಿನ ಗಿರಣಿ. ಹನ್ನೊಂದು ಜನರ ಎದೆಯ ಮೇಲೆ ಬಿಟ್ಟರೆ ಆ ಹೆಸರು ಮತ್ತೆಲ್ಲೂ ಇಲ್ಲ. ಆ ಹನ್ನೊಂದು ಎದೆಗಳನ್ನು ಊರೂರಿಗೆ ಒಯ್ಯುವ ಕೆಲಸ ಪಾಂತೆಲಿಮೊನ್‌ನದು.

ಈಗ ಆ ತಂಡ ಮೂರನೇ ದರ್ಜೆಯ ಲೀಗಿನಿಂದ ಕೆಳಗೆ ಬೀಳುವುದರಲ್ಲಿತ್ತು. ಒಂಬತ್ತು ಪಂದ್ಯ, ಒಂದೂ ಗೋಲಿಲ್ಲ. ಇದ್ದ ಒಬ್ಬ ಗೋಲುಗಾರನನ್ನು ಅಧ್ಯಕ್ಷ ಗಿಂಪು ಜನವರಿಯಲ್ಲೇ ಬೇರೆ ತಂಡಕ್ಕೆ ಮಾರಿ ಕೈ ತೊಳೆದುಕೊಂಡಿದ್ದ. ಮರದ ವ್ಯಾಪಾರಿ ಗಿಂಪು. ನಿಂತ ಮರ ಕಂಡರೆ ಅವನಿಗೆ ಕೊಡಲಿ ನೆನಪಾಗುತ್ತದೆ. ಮಾರಿಹೋದವನ ಜಾಗಕ್ಕೆ ಬಂದವನು ಮುಗುರೆಲ್. ಮೂವತ್ತೇಳು ವರ್ಷ, ಹೊಟ್ಟೆ ಮುಂದೆ, ಚೆಂಡು ಅದಕ್ಕೂ ಮುಂದೆ. ಗಿಂಪುವಿನ ಅಳಿಯ.

ಗೋಲು ಬರದಿದ್ದಾಗ ಗೋಲು ಹೊಡೆಯುವವನನ್ನು ಹುಡುಕಬೇಕು ಅನ್ನುವುದು ಕುರಿ ಕಾಯುವವನಿಗೂ ಹೊಳೆಯುವ ಮಾತು. ಗಿಂಪು ಪಾದ್ರಿಯನ್ನು ಕರೆಸಿದ. ಪಾದ್ರಿ ಒಂದು ಹಿಡಿ ತುಳಸಿಯನ್ನು ತೀರ್ಥದಲ್ಲಿ ಅದ್ದಿ ಗೋಲಿನ ಎರಡೂ ಕಂಬಕ್ಕೆ ಚಿಮುಕಿಸಿದ. ನೆಟ್ಟಿನ ಬುಡದಲ್ಲಿ ಬೆಳ್ಳುಳ್ಳಿ ಹೂತರು. ಬೆಳ್ಳುಳ್ಳಿ ಚಿಗುರಿತು, ಗೋಲು ಚಿಗುರಲಿಲ್ಲ. ಇಷ್ಟು ಸಾಲದೆಂಬಂತೆ ಮೊಬೈಲಿನಲ್ಲಿ ವೀಡಿಯೋ ನೋಡಿ ಸಾಗರದಾಚೆಯಿಂದ ಒಬ್ಬನನ್ನು ತರಿಸಿದರು. ಆ ಬಡಪಾಯಿಯನ್ನು ಒಲೆಯಿಲ್ಲದ ಕೋಣೆಯಲ್ಲಿ ಮಲಗಿಸಿದರು. ಮೂರು ವಾರಕ್ಕೆ ಅವನು ಕೆಮ್ಮುತ್ತಾ ವಿಮಾನ ಹತ್ತಿದ. ಹತ್ತದೆ ಏನು ಮಾಡಿಯಾನು?

ಇಷ್ಟೂ ದಿನ ಊರಿನಲ್ಲೇ ಒಬ್ಬ ಗೋಲುಗಾರ ಇದ್ದ. ಫಾನೆಲ್ ಚುರಾರು, ಇಪ್ಪತ್ತನಾಲ್ಕು ವರ್ಷದ ಆಳು. ಹೊಳೆಯಾಚೆಯ ರೋಮಾ ಕೇರಿಯವನು, ಊರಿನವರು ಜಿಪ್ಸಿಗಳು ಅಂತ ದೂರ ಇಟ್ಟವರ ಕೇರಿ. ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟಿನ ಮೂಟೆ ಹೊರುತ್ತಿದ್ದ, ಭಾನುವಾರ ಪಕ್ಕದ ಲುಂಕಾ ಹಳ್ಳಿಯ ತಂಡಕ್ಕೆ ಆಡುತ್ತಿದ್ದ. ಐದನೇ ದರ್ಜೆ, ಗೋಲಿನ ಹಿಂದೆ ದನ ಮೇಯುವ ಮೈದಾನ. ಒಂದು ಭಾನುವಾರ ಪಾಂತೆಲಿಮೊನ್ ಸುಮ್ಮನೆ ಹೋಗಿ ಬೇಲಿಗೆ ಒರಗಿ ನಿಂತ. ಫಾನೆಲ್ ಐದು ಗೋಲು ಹೊಡೆದ. ಮುಂದಿನ ವಾರ ಮತ್ತೆ ಹೋದ, ಮೂರು. ಶರತ್ಕಾಲದ ಹದಿಮೂರು ಪಂದ್ಯದಲ್ಲಿ ಇಪ್ಪತ್ತೆಂಟು ಗೋಲು. ಜನವರಿಯಲ್ಲಿ ಗೋಲುಗಾರನನ್ನು ಮಾರಿದ ಸುದ್ದಿ ಕೇಳಿದ ಕೂಡಲೇ ಪಾಂತೆಲಿಮೊನ್ ನೆಟ್ಟಗೆ ಗಿಂಪುವಿನ ಆಫೀಸಿಗೆ ಹೋದ.

“ಶೆಫು,” ಅಂದ, ಯಜಮಾನರನ್ನು ಕರೆಯುವ ಹಾಗೆ, “ನಿಮ್ಗೆ ಬೇಕಾದೋನು ಬ್ರೆಡ್ ಕಾರ್ಖಾನೇಲಿ ಮೂಟೆ ಹೊರ್‍ತಾ ಇದಾನೆ.”

“ನ್ಯಾ ಪಾಂತೆಲ್,” ಅಂದ ಗಿಂಪು. ಊರಿನ ಚಿಕ್ಕವರೆಲ್ಲ ಹಿರಿಯನೆಂದು ಅವನನ್ನು ಹಾಗೆ ಕರೆಯುತ್ತಿದ್ದರು. ಗಿಂಪುವಿನ ಬಾಯಲ್ಲಿ ಮಾತ್ರ ಅದು ನಾಯಿಯನ್ನು ಕರೆದ ಹಾಗೆ ಕೇಳುತ್ತಿತ್ತು. “ನೀನು ಸ್ಟೀರಿಂಗ್ ನೋಡ್ಕೋ. ಗೋಲು ನಾವು ನೋಡ್ಕೋತೀವಿ.”

“ನೋಡ್ತಾನೇ ಇದೀರಲ್ಲ ಶೆಫು. ಬೇರೆಯೋರು ಹೊಡೆಯೋದನ್ನ.”

“ಯಾವ ಕಡೆಯೋನು ಅವ್ನು?”

“ಹೊಳೆಯಾಚೆ.”

ಗಿಂಪು ನಕ್ಕ. “ಅಲ್ಲಿಯೋನು ಬಂದ್ರೆ ಚೆಂಡಿನ ಜೊತೆ ನೆಟ್ಟೂ ಕಂಬಾನೂ ಹೊತ್ಕೊಂಡ್ ಹೋಗ್ತಾನೆ ಕಣಯ್ಯ.”

ಆಫೀಸಿನಲ್ಲಿದ್ದವರೆಲ್ಲ ನಕ್ಕರು. ಅವರ ತಾತಂದಿರೂ ಇದೇ ಮಾತಿಗೆ ನಕ್ಕಿದ್ದರು. ಗಿರಣಿಯ ಹತ್ತಿ ಮೂಟೆಗಳನ್ನು ಮೂವತ್ತು ವರ್ಷ ಹೊತ್ತವರು ಆ ಕೇರಿಯವರು, ಗಿರಣಿಯನ್ನು ಗುಜರಿಗೆ ಹೊತ್ತುಹಾಕಿದವರು ಕೋಟು ತೊಟ್ಟವರು ಅನ್ನುವುದನ್ನು ಯಾರೂ ಜೋಕು ಮಾಡುವುದಿಲ್ಲ.

ಕೋಚ್ ಸೆವೆರ್ ಮಾತ್ರ ನಗಲಿಲ್ಲ. ಶಾಲೆಯಲ್ಲಿ ಡ್ರಿಲ್ ಕಲಿಸಿದವರು. ಆಟಗಾರರೆಲ್ಲ ಮೇಷ್ಟ್ರು ಅನ್ನುತ್ತಿದ್ದರು. ಒಳ್ಳೆಯವರು, ಆದರೆ ಗಿಂಪು ಕೆಮ್ಮಿದರೆ ಇವರು ಶಾಲು ಹೊದೆಯುವ ಜಾತಿಯ ಒಳ್ಳೆಯವರು. ಫೆಬ್ರವರಿಯಲ್ಲಿ ಗಡುವು ಮುಗಿಯುವ ಮೊದಲು ಫಾನೆಲ್‌ನ ಹೆಸರನ್ನು ತಂಡಕ್ಕೆ ಬರೆಸಿದರು. ಬರೆಸಿ ಕೂರಿಸಿದರು. ಪ್ರತಿ ಶನಿವಾರ “ಮುಂದಿನ ವಾರ ನೋಡೋಣಪ್ಪ.” ಹೆಸರು ಇಲ್ಲಿದ್ದದ್ದರಿಂದ ಅವನು ಲುಂಕಾಕ್ಕೂ ಆಡುವಂತಿರಲಿಲ್ಲ. ಮೂರು ತಿಂಗಳು ಒಬ್ಬ ಗೋಲುಗಾರನನ್ನು ಮೂಟೆಯ ಕೆಳಗೇ ಇಟ್ಟರು. ಪಾಂತೆಲಿಮೊನ್ ವಾರ ವಾರವೂ ಪೀಡಿಸಿದ. ಕೊನೆಯ ಪಂದ್ಯದ ಹಿಂದಿನ ದಿನ ಮೇಷ್ಟ್ರು ಸೋತು, “ಆಯ್ತು, ನಾಳೆ ಪಟ್ಟೀಲಿ ಹಾಕ್ತೀನಿ. ದಾರೀಲಿ ಹತ್ತಿಸ್ಕೋ” ಅಂದರು.

ಆ ಪಂದ್ಯ ಗೆದ್ದರೆ ಉಳಿವು; ಡ್ರಾ ಆದರೂ ಜಿಲ್ಲಾ ಲೀಗಿನ ಕೆಸರಿಗೆ.

ಶನಿವಾರ ಮಧ್ಯಾಹ್ನ ಬಸ್ಸು ಕಾರ್ಖಾನೆಯ ಬೀದಿಗೆ ತಿರುಗಿತು. ಫಾನೆಲ್ ಗೇಟಿನಲ್ಲಿ ನಿಂತಿದ್ದ. ರೆಪ್ಪೆಯ ಮೇಲೂ ಹಿಟ್ಟು, ಕೈಯಲ್ಲಿ ಬೂಟಿನ ಚೀಲ. ಬಸ್ಸು ನಿಂತಿತು. ಆಗ ಪಾಂತೆಲಿಮೊನ್ ಮುಂದಿನ ರಸ್ತೆ ನೋಡಿದ. ಬೆಳಿಗ್ಗೆ ನಗರಸಭೆಯವರು ಬಂದು ಪೈಪು ಹಾಕಲು ಗೇಟಿನಿಂದಾಚೆಗೆ ರಸ್ತೆಯನ್ನು ಉದ್ದಕ್ಕೂ ಅಗೆದಿದ್ದರು. ಬೋರ್ಡಿಲ್ಲ, ಹಗ್ಗವಿಲ್ಲ. ಎರಡೂ ಕಡೆ ಗೋಡೆ. ದೊಡ್ಡ ರಸ್ತೆಗೆ ಸೇರಬೇಕಾದರೆ ನೂರು ಮೀಟರ್ ಹಿಂದಕ್ಕೇ ಹೋಗಬೇಕು.

ಬಸ್ಸಿನಲ್ಲಿ ಯಾರೋ ಶಿಲುಬೆ ಗುರುತು ಮಾಡಿಕೊಂಡರು.

“ರಿವರ್ಸ್ ಹಾಕ್ಬೇಡ ನ್ಯಾ ಪಾಂತೆಲ್, ನಿನ್ ಕಾಲಿಗೆ ಬೀಳ್ತೀನಿ,” ಅಂದ ಗೋಲ್‌ಕೀಪರ್ ದೊರಿನ್.

“ಹಾಕ್ದೆ? ಬಸ್ಸಿಗೆ ರೆಕ್ಕೆ ಕಟ್ಲಾ?”

ಕೊನೆಗೆ ದೊರಿನ್‌ನೇ ಒಂದು ಉಪಾಯ ತೆಗೆದ. ಆಟಗಾರರಿರುವ ಬಸ್ಸು ತಾನೇ ಹಿಂದಕ್ಕೆ ಹೋಗಬಾರದು? ಎಲ್ಲರೂ ಇಳಿದುಬಿಟ್ಟರೆ ಅದು ಬರೀ ತಗಡು. ತಗಡಿಗೇನು ದೋಷ? ಮುಂದಿನ ಸೀಟಿನಲ್ಲಿ ಕೂತಿದ್ದ ಗಿಂಪು ಕೂಡ ತಲೆ ತೂಗಿದ. ಇಡೀ ತಂಡ ಇಳಿದು ಗೋಡೆಗೆ ಮೈ ಉಜ್ಜಿಕೊಂಡು ದೊಡ್ಡ ರಸ್ತೆಗೆ ನಡೆಯಿತು, ಫಾನೆಲ್ ಕೊನೆಯಲ್ಲಿ. ಪಾಂತೆಲಿಮೊನ್ ಕಣ್ಣು ಮುಚ್ಚಿ ತೆರೆದು, ಇಪ್ಪತ್ತೊಂದು ವರ್ಷದ ನೇಮವನ್ನು ರಿವರ್ಸ್ ಗೇರಿಗೆ ಹಾಕಿದ. ಬಸ್ಸು ದೊಡ್ಡ ರಸ್ತೆಗೆ ಬಂತು. ಎಲ್ಲರೂ ಬಲಗಾಲಿಟ್ಟು ಹತ್ತಿದರು.

ಹತ್ತಿದವರು ಹಿಂದಿನ ಸೀಟು ನೋಡಿದರು. ಅಲ್ಲಿ ಮುಗುರೆಲ್ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅವನು ಇಳಿದೇ ಇರಲಿಲ್ಲ.

ಮೂರು ಗಂಟೆ ದಾರಿಯುದ್ದಕ್ಕೂ ಸೂರ್ಯಕಾಂತಿ ಬೀಜ ಕಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೈದಾನ ಸಿಕ್ಕಾಗ ಗಿಂಪು ಎದ್ದು ನಿಂತು, ಫಾನೆಲ್‌ನನ್ನು ನೋಡದೆ, ಎಲ್ಲರಿಗೂ ಕೇಳುವಂತೆ ಹೇಳಿದ: “ಅಪಶಕುನ ಬಸ್ ಹತ್ತಿದೆ. ಮೈದಾನಕ್ಕೆ ಇಳಿಬಾರ್ದು.”

ಪಂದ್ಯ ಶುರುವಾಯಿತು. ಮುಗುರೆಲ್ ಆಡಿದ, ಫಾನೆಲ್ ಬೆಂಚಿನಲ್ಲಿ ಕೂತ. ಎದುರಾಳಿಗಳಿಗೂ ಆಡುವ ಮನಸ್ಸಿರಲಿಲ್ಲ. ಅವರು ಆಗಲೇ ಉಳಿದುಕೊಂಡಿದ್ದರು. ಒಂದು ಗೋಲು ಸಾಕಿತ್ತು, ಒಂದೇ ಒಂದು. ಮುಗುರೆಲ್ ನಾಲ್ಕು ಹೆಜ್ಜೆ ದೂರದಿಂದ ಒದ್ದ ಚೆಂಡು ಬೇಲಿಯಾಚೆ ಆಲೂಗೆಡ್ಡೆ ಹೊಲಕ್ಕೆ ಹೋಯಿತು. ಎಪ್ಪತ್ತನೇ ನಿಮಿಷಕ್ಕೆ ಪಾಂತೆಲಿಮೊನ್‌ಗೆ ತಡೆಯಲಾಗಲಿಲ್ಲ. ಬೆಂಚಿನ ಹಿಂದಿನ ಕಂಬಿಗೆ ಎದೆ ಒತ್ತಿ ಕೂಗಿದ.

“ಮೇಷ್ಟ್ರೇ! ಅವನನ್ನ ಬಿಡಿ ಒಳಗೆ!”

“ಸುಮ್ನಿರು ಪಾಂತೆಲ್. ಶೆಫು ಹೇಳಿದ್ದು ಕೇಳಿಸ್ಲಿಲ್ವಾ? ಅಪಶಕುನ ಅಂತೆ.”

“ಯಾವನಿಗ್ರೀ ಅಪಶಕುನ? ಬಸ್ ಹಿಂದಕ್ಕೆ ಬರೋವಾಗ ಫಾನೆಲ್ ಕೆಳಗೆ ನಡೀತಿದ್ದ, ನಾನೇ ಕನ್ನಡೀಲಿ ನೋಡಿದೀನಿ. ಒಳಗಿದ್ದೋನು ಮುಗುರೆಲ್! ನಿಮ್ ಶಾಸ್ತ್ರದ ಪ್ರಕಾರಾನೇ ಹೊರಗೆ ಕೂರ್ಬೇಕಾದೋನು ಅವ್ನು!”

ಮೇಷ್ಟ್ರು ತಿರುಗಿದರು. ಬೆವರು ಸುರಿಯುತ್ತಿತ್ತು. ತಗ್ಗಿದ ದನಿಯಲ್ಲಿ, “ಗೊತ್ತು ಕಣಯ್ಯ. ಮುಗುರೆಲ್‌ಗೆ ಮಾವ ಇದಾನೆ. ಶಕುನದ ಪರ ಯಾರಿದಾರೆ?” ಅಂದರು.

ಫಾನೆಲ್ ಇದನ್ನೆಲ್ಲ ಕೇಳಿಸಿಕೊಂಡ. ಎದ್ದು ಗೋಲಿನ ಹಿಂದೆ ಓಡಿದ, ಬಗ್ಗಿದ, ನೆಗೆದ, ಮೈ ಬಿಸಿ ಮಾಡಿಕೊಂಡ. ಯಾರೂ ಕರೆಯಲಿಲ್ಲ. ಎಂಬತ್ತೆಂಟನೇ ನಿಮಿಷದಲ್ಲಿ ಮೇಷ್ಟ್ರು ಕೊನೆಯ ಬದಲಾವಣೆ ಮಾಡಿದರು. ಒಬ್ಬ ರಕ್ಷಕನನ್ನು ತೆಗೆದು ಇನ್ನೊಬ್ಬ ರಕ್ಷಕನನ್ನು ಕಳಿಸಿದರು. ಗೋಲು ಬೇಕಾದ ತಂಡ ಗೋಡೆಗೆ ಇಟ್ಟಿಗೆ ಬದಲಾಯಿಸಿತು. ಸೊನ್ನೆಗೆ ಸೊನ್ನೆ. ಫಿಲಾತುರಾ ಬಿತ್ತು.

ಸೋಮವಾರ ಪಾಂತೆಲಿಮೊನ್‌ಗೆ ಆಫೀಸಿನಿಂದ ಕರೆ ಬಂತು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ. ‘ಪಂದ್ಯದ ದಿನ ನಾನು ತಂಡದ ಬಸ್ಸನ್ನು ಹಿಂದಕ್ಕೆ ಓಡಿಸಿದ್ದೇನೆ. ಅದರಿಂದ ಆಟಗಾರರ ಮನಸ್ಸು ಕೆಟ್ಟಿದೆ. ಊರಿನ ಕ್ಷಮೆ ಕೇಳುತ್ತೇನೆ.’

“ಇದನ್ನ ಗೇಟಿಗೆ ಅಂಟಿಸ್ತೀವಿ,” ಅಂದ ಗಿಂಪು. “ಊರಿನೋರು ಕಲ್ಲು ಹಿಡ್ಕೊಂಡಿದಾರೆ, ಯಾರಿಗಾದ್ರೂ ಹೊಡೀಲೇಬೇಕು. ಸಹಿ ಹಾಕು. ಎರಡ್ ವಾರಕ್ಕೆ ಮರೀತಾರೆ, ಬಸ್ಸೂ ನಿಂದೇ. ಹಾಕ್ಲಿಲ್ವಾ, ಬೀಗದ ಕೈ ಮೇಜಿನ ಮೇಲಿಡು.”

ನಾಚಿಕೆಗೇಡು ಅಂದರೆ ಇದು: ಮೊದಲೆರಡು ರಾತ್ರಿ ಪಾಂತೆಲಿಮೊನ್ ತಾನೂ ಹಾಗೇ ಯೋಚಿಸಿದ್ದ. ಆ ಬೀದಿಗೆ ನಾನು ತಿರುಗಿಸದಿದ್ದರೆ? ಬೇರೆ ಮೂಲೆಯಲ್ಲಿ ಹತ್ತಿಸಿಕೊಂಡಿದ್ದರೆ? ಬಡವನಿಗೆ ತಪ್ಪು ಹೊರಿಸುವುದು ಎಷ್ಟು ಸಲೀಸು ನೋಡಿ, ಅರ್ಧ ಕೆಲಸವನ್ನು ಅವನೇ ಮಾಡಿಕೊಟ್ಟಿರುತ್ತಾನೆ. ಆದರೆ ಅಚ್ಚಾದ ಹಾಳೆಯಲ್ಲಿ ತನ್ನ ಅನುಮಾನವನ್ನೇ ಓದಿದಾಗ ಅವನಿಗೆ ಮೈಯೆಲ್ಲ ಉರಿಯಿತು. ಪೆನ್ನು ತೆಗೆದುಕೊಂಡ. ಮೂರೂ ಸಾಲಿನ ಮೇಲೆ ಗೀಟು ಎಳೆದ. ಕೆಳಗೆ ಗಿರಣಿಯ ಕಾಲದ ದುಂಡು ಅಕ್ಷರದಲ್ಲಿ ಬರೆದ: ‘ನಮ್ಮ ಹತ್ತಿರ ಗೋಲು ಹೊಡೆಯುವವನಿದ್ದ. ತೊಂಬತ್ತು ನಿಮಿಷ ಬೆಂಚಿನ ಮೇಲೆ ಕೂರಿಸಿದಿರಿ. ನಾನು ನೋಡಿದ್ದೇನೆ.’ ಕೆಳಗೆ ಪೂರ್ತಿ ಹೆಸರು, ತಂದೆಯ ಹೆಸರಿನೊಂದಿಗೆ.

ಗಿಂಪು ಓದಿದ. “ಇದನ್ನ ಯಾರು ಅಂಟಿಸ್ತಾರೆ?”

“ಅಂಟಿಸ್ಬೇಡಿ. ನೀವು ಓದಿದ್ರಲ್ಲ, ಸಾಕು.”

ಕಿಟಕಿಯ ಹತ್ತಿರ ನಿಂತಿದ್ದ ಮೇಷ್ಟ್ರು ಹೊರಗಿನ ಚಿನಾರ್ ಮರದ ಎಲೆಗಳನ್ನು ಎಣಿಸುತ್ತಿದ್ದರು. ಪಾಂತೆಲಿಮೊನ್ ಒಂದು ಕ್ಷಣ ಕಾದ. ಅವರು ಎಣಿಸುತ್ತಲೇ ಇದ್ದರು. ಬೀಗದ ಕೈ ಮೇಜಿನ ಮೇಲೆ ಬಿತ್ತು.

ಜೂನ್ ಕೊನೆಗೆ ಫಾನೆಲ್‌ನ ಹೆಸರನ್ನು ಬಿಟ್ಟುಕೊಟ್ಟರು. ಬೇಡದ್ದನ್ನು ಬಿಡಲು ಎಷ್ಟು ಹೊತ್ತು? ಅವನು ಲುಂಕಾಕ್ಕೆ ವಾಪಸು ಹೋದ. ಲುಂಕಾ ತಂಡ ಶರತ್ಕಾಲದ ಗೋಲುಗಳ ಬಲದಿಂದಲೇ ಒಂದು ದರ್ಜೆ ಮೇಲೆ ಬಂದಿತ್ತು, ಜಿಲ್ಲಾ ಲೀಗಿಗೆ. ಫಿಲಾತುರಾ ಬಿದ್ದಿದ್ದದ್ದೂ ಅಲ್ಲಿಗೇ. ಆಗಸ್ಟ್ ಕೊನೆಯಲ್ಲಿ ಮೊದಲ ಪಂದ್ಯ: ಫಿಲಾತುರಾದ ಮೈದಾನದಲ್ಲಿ, ಲುಂಕಾದ ಎದುರು.

ಪಾಂತೆಲಿಮೊನ್ ಟಿಕೆಟ್ ಕೊಂಡು ಒಳಗೆ ಹೋದ. ನಲವತ್ತು ವರ್ಷದಲ್ಲಿ ಆ ಗೇಟಿನಲ್ಲಿ ಟಿಕೆಟ್ ಕೊಂಡದ್ದು ಅದೇ ಮೊದಲು. ಫಾನೆಲ್ ದೂರದಿಂದಲೇ ನೋಡಿ ಕೈ ಎತ್ತಿದ. “ನ್ಯಾ ಪಾಂತೆಲ್! ಎಷ್ಟು ಬೇಕು ಹೇಳು ಇವತ್ತು!”

ಪಾಂತೆಲಿಮೊನ್ ಫಿಲಾತುರಾದ ಆಟಗಾರರ ಕಡೆ ತಿರುಗಿದ. ಆ ಎದೆಗಳ ಮೇಲಿದ್ದದ್ದು ಅವನ ಗಿರಣಿಯ ಹೆಸರು.

ಹನ್ನೆರಡನೇ ನಿಮಿಷಕ್ಕೆ ಒಂದು. ವಿರಾಮದ ಮೊದಲು ಇನ್ನೊಂದು, ದೊರಿನ್‌ನ ಕಾಲಿನ ಸಂದಿಯಲ್ಲಿ. ಎರಡನೇ ಗೋಲಾದಾಗ ಮೇಲಿನ ಸಾಲಿನಿಂದ ಗಿಂಪುವಿನ ದನಿ ಕೇಳಿಸಿತು, “ಅಲ್ರೋ, ಇಂಥೋನು ಇಷ್ಟ್ ದಿನ ಎಲ್ಲಿದ್ದ? ನಂಗ್ಯಾಕೆ ಯಾರೂ ಹೇಳ್ಲಿಲ್ಲ?” ಪಕ್ಕದವರು ಹೌದು ಹೌದು ಅಂದರು. ಅವರಲ್ಲಿ ಇಬ್ಬರು ಆವತ್ತು ಆ ಆಫೀಸಿನಲ್ಲಿ ನಕ್ಕಿದ್ದವರು.

ಪಾಂತೆಲಿಮೊನ್ ತಿರುಗಿ ನೋಡಲಿಲ್ಲ. ಹೊಳೆಯಾಚೆಯ ಕೇರಿಯವರೆಲ್ಲ ಬೇಲಿ ಹತ್ತಿ ಕುಣಿಯುತ್ತಿದ್ದರು. ಅವರ ಜೊತೆ ಕುಣಿಯಬೇಕಾಗಿತ್ತು. ಅವನು ಹೇಳಿದ್ದೆಲ್ಲ ನಿಜವಾಗಿತ್ತು. ಆದರೆ ಒಂದೊಂದು ಗೋಲೂ ಅವನ ಸ್ವಂತ ನೆಟ್ಟಿಗೇ ಬೀಳುತ್ತಿತ್ತು. ಬಸ್ಸು ಕಿತ್ತುಕೊಂಡದ್ದನ್ನು ಅವನು ಕ್ಷಮಿಸಿಯಾನು. ಈ ಗೋಲುಗಳಿಗೆ ಕುಣಿಯಲಾಗದಂತೆ ಮಾಡಿದ್ದನ್ನು ಹೇಗೆ ಕ್ಷಮಿಸಲಿ ಅಂತ ಹಲ್ಲು ಕಚ್ಚಿಕೊಂಡು ನಿಂತ. ಫಾನೆಲ್ ಮೂರನೆಯದನ್ನು ಹೊಡೆದು, ನೇರ ಅವನ ಕಡೆಗೇ ಓಡಿ ಬಂದ. ಆಗಲೂ ಪಾಂತೆಲಿಮೊನ್‌ನ ಕೈಗಳು ಜೇಬಿನಿಂದ ಹೊರಗೆ ಬರಲಿಲ್ಲ.