ದೊಡ್ಡ ಗಾಡಿಯೂ ನನ್ನ ಹೂಂಗುಟ್ಟುವಿಕೆಯೂ

ಮೊನ್ನೆ ಮಧುಗಿರಿಯ ಸೀಟು ಹೊಲಿಯುವ ಅಂಗಡಿಯಲ್ಲಿ ನನ್ನ ಬೈಕಿನ ರೆಕ್ಸಿನ್ ಕಿತ್ತು ಪಕ್ಕಕ್ಕಿಟ್ಟಾಗ ಒಳಗಿನ ಫೋಮು ಕಂಡಿತು. ನೀವು ಯಾವತ್ತಾದರೂ ನಿಮ್ಮ ಗಾಡಿಯ ಫೋಮನ್ನು ಬರಿಮೈಯಲ್ಲಿ ನೋಡಿದ್ದೀರಾ? ನೋಡಬೇಡಿ. ಮುಂದುಗಡೆ ಒಂದು ದುಂಡನೆಯ ತಗ್ಗು, ಅದು ನಾನು. ಹಿಂದುಗಡೆ ಎಡಕ್ಕೆ ಜಾರಿಕೊಂಡಂತಿರುವ ಇನ್ನೊಂದು ತಗ್ಗು. ಅದು ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂರುವ ನನ್ನ ಹೆಂಡತಿ ಗಿರಿಜ. ಹಳೆಯ ಸ್ಪಂಜಿನ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಅಂಗಡಿಯ ಬಾಬಣ್ಣ ಕತ್ತರಿ ಹಿಡಿದುಕೊಂಡೇ ಕೇಳಿದ.

"ಗಾಡಿ ಮಾರೋದಾದ್ರೆ ಬರೀ ಕವರ್ ಹಾಕ್ಕೊಟ್ಬುಡ್ತೀನಿ ಮೇಷ್ಟ್ರೇ. ಇಟ್ಕಳದಾದ್ರೆ ಫೋಮೇ ಬದಲಾಯಿಸ್ಬೇಕು. ಏನ್ ಮಾಡನ?"

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು ನಾನು. ಮಕ್ಕಳು ಉತ್ತರಕ್ಕೆ ತಡವರಿಸಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಕಾಲವನ್ನೂ ಕಂಡವನು. ಅಂಥ ನಾನು "ಒಂದ್ನಿಮಿಷ ಇರಪ್ಪ" ಎಂದು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಆ ಒಂದು ನಿಮಿಷದಲ್ಲಿ ನೆನಪಾದದ್ದನ್ನು ನಿಮಗೂ ಹೇಳುತ್ತೇನೆ. ಬಾಬಣ್ಣ ಹೇಗೂ ಬೀಡಿ ಹಚ್ಚಿದ್ದಾನೆ.

ನನ್ನದು ನೂರು ಸಿಸಿಯ ಗಾಡಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ತೆಗೆದುಕೊಂಡದ್ದು. ನಲವತ್ತರ ಮೇಲೆ ಹೋದರೆ ಅದರ ಕನ್ನಡಿ ನಡುಗಲು ಶುರುವಾಗಿ, ಹಿಂದೆ ಬರುತ್ತಿರುವುದು ಲಾರಿಯೋ ಎಮ್ಮೆಯೋ ತಿಳಿಯುವುದಿಲ್ಲ. ಆದ್ದರಿಂದ ನಾನು ನಲವತ್ತರ ಮೇಲೆ ಹೋಗುವುದಿಲ್ಲ. ಇದನ್ನು ಜನ ನನ್ನ ಸಂಯಮ ಎಂದು ತಿಳಿದಿದ್ದಾರೆ. ಗಿರಿಜಳ ತವರು ಗೌಡಗೆರೆಗೆ, ನಮ್ಮ ಅಕ್ಕನ ಊರು ಕೊಳಾಲಕ್ಕೆ, ತರಬೇತಿಯ ನೆಪದಲ್ಲಿ ಪಾವಗಡಕ್ಕೆ, ಎಲ್ಲಕ್ಕೂ ಇದೇ ಗಾಡಿ. ಇಳಿಜಾರು ಬಂದರೆ ಕೀಲಿ ತಿರುಗಿಸಿ ಇಂಜಿನ್ ಆರಿಸಿಬಿಡುವುದು ನನ್ನ ಚಾಳಿ. ಪೆಟ್ರೋಲು ಉಳಿಸುವ ಈ ಜಾಣತನವನ್ನು ನನಗೆ ಯಾರೂ ಕಲಿಸಲಿಲ್ಲ, ಹುಟ್ಟಿನಿಂದಲೇ ಬಂದದ್ದು. ಸದ್ದಿಲ್ಲದೆ ಇಳಿಯುವಾಗ ಗಿರಿಜ ನಗುತ್ತಿದ್ದಳು. "ಇಂಗೇ ಉಳಿಸ್ತಾ ಹೋದ್ರೆ ಕೊನೇಗೆ ಒಂದು ಬಂಕೇ ಇಕ್ಕಬೌದು ಬುಡಿ."

ಒಂದು ಗುಟ್ಟು ಹೇಳಬೇಕು. ನಾವು ಗಂಡಹೆಂಡತಿ ಮಾತಾಡುತ್ತಿದ್ದದ್ದೇ ಈ ಗಾಡಿಯ ಮೇಲೆ. ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಅಮ್ಮನಿಗೆ ಕಿವಿ ಮಂದ. ಅವಳ ಧಾರಾವಾಹಿಯ ಸೊಸೆ ಅತ್ತರೆ ಬೀದಿಯ ತುದಿಯವರಿಗೂ ಗೊತ್ತಾಗುತ್ತದೆ. ಹಜಾರದಲ್ಲಿ ನನ್ನ ಟ್ಯೂಷನ್ ಮಕ್ಕಳು. ಹಾಗಾಗಿ ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕೆಂದು ತೀರ್ಮಾನವಾದದ್ದು ಬಡವನಹಳ್ಳಿ ದಾಟುವಾಗ. ನಾದಿನಿಯ ಮದುವೆಗೆ ಹೋಗಬೇಕೋ ಮುನಿಸು ಮುಂದುವರಿಸಬೇಕೋ ಎಂಬುದು ಇತ್ಯರ್ಥವಾದದ್ದು ಸಿರಾ ಕೆರೆಯ ಏರಿಯ ಮೇಲೆ. ಅವಳು ನನ್ನ ಬಲ ಭುಜದ ಮೇಲೆ ಕೈಯಿಟ್ಟು, ಎಡ ಕಿವಿಯ ಹತ್ತಿರ ಬಾಯಿ ತಂದು ಹೇಳುವಳು. ನಾನು ಹೂಂ ಅನ್ನುವೆನು. ಹೂಂಗುಟ್ಟುವುದರಲ್ಲಿ ನಾನು ಪಳಗಿದವನು. ಮಾತು ಅರ್ಥವಾದಾಗ ಗಿಡ್ಡ ಹೂಂ, ಒಪ್ಪಿಗೆಯಿಲ್ಲದಾಗ ರಾಗದ ಹೂಂ, ತಲೆಯಲ್ಲಿ ಬೇರೆ ಏನೋ ಓಡುತ್ತಿದ್ದಾಗ ಎರಡೂ ಸೇರಿದಂಥ ಒಂದು ಹೂಂ.

ಹೀಗೆ ಸುಖವಾಗಿದ್ದವನಿಗೆ ದೊಡ್ಡ ಗಾಡಿಯ ಹುಚ್ಚು ಹತ್ತಿದ್ದು ಹಳೆಯ ವಿದ್ಯಾರ್ಥಿಯೊಬ್ಬನಿಂದ. ಕೊರಟಗೆರೆ ರಸ್ತೆಯಲ್ಲಿ ಗುಡುಗುಡು ಎನ್ನುತ್ತಾ ಬಂದು, "ನಮಸ್ಕಾರ ಸಾರ್" ಎಂದ. ನಾನು ತಲೆಯೆತ್ತಿ ನಮಸ್ಕಾರ ಹೇಳುವಷ್ಟರಲ್ಲಿ ಅವನು ಮುಂದಿನ ಊರು ಸೇರಿದ್ದ. ಪಾಠದಲ್ಲಿ ಸದಾ ಹಿಂದೆ ಇದ್ದ ಹುಡುಗ ಅವನು! ಅಂದಿನಿಂದ ಸ್ಟಾಫ್ ರೂಮಿನಲ್ಲಿ ಮೊಬೈಲು ಹಿಡಿದು ದೊಡ್ಡ ಬೈಕುಗಳ ವಿಡಿಯೋ ನೋಡುವುದೇ ಕಸುಬಾಯಿತು. ಬೆನ್ನುನೋವಿಗೆ ಒಳ್ಳೆಯದಂತೆ, ರಸ್ತೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದಂತೆ ಎಂದು ಸಿಕ್ಕವರಿಗೆಲ್ಲ ಹೇಳತೊಡಗಿದೆ. ಯಾರೂ ಕೇಳಿರಲಿಲ್ಲ. ಸಿರಾದ ಶೋರೂಮಿನಲ್ಲಿ ಒಮ್ಮೆ ಹತ್ತಿಯೂ ಕುಳಿತೆ. ನೆಲಕ್ಕೆ ತಾಗಿದ್ದು ಹೆಬ್ಬೆರಳು ಮಾತ್ರ. "ಅಭ್ಯಾಸ ಆಗೋಗುತ್ತೆ ಸಾರ್" ಎಂದ ಮಾರುವ ಹುಡುಗ. ಉದ್ದವಾಗುವ ಅಭ್ಯಾಸ ಈ ವಯಸ್ಸಿನಲ್ಲಿ ಹೇಗೆ ಆಗುತ್ತದೋ ನಾನು ಕೇಳಲಿಲ್ಲ.

ಗಿರಿಜ ಮಾತ್ರ ಒಪ್ಪಲಿಲ್ಲ. "ಯಾವ ಪುರುಷಾರ್ಥಕ್ರೀ? ಇರೋ ಗಾಡಿಗೆ ಏನ್ ಬಂದೈತೆ?" ಎಂದಳು. ನನಗೆ ಇದ್ದದ್ದು ಆಸೆ ಮಾತ್ರ.

ಅವಳ ತಮ್ಮ ಮಂಜ ಒಂದು ಉಪಾಯ ಮಾಡಿದ. ಅವನ ಹತ್ತಿರ ಅಂಥದ್ದೇ ಗಾಡಿ ಇದೆ. ಒಂದು ಶನಿವಾರ ಅದನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸಿ, ನನ್ನದನ್ನು ತಾನು ತೆಗೆದುಕೊಂಡು ಹೋದ. "ಅಕ್ಕನ್ನ ಕೂರಿಸ್ಕಂಡು ಒಂದ್ಸಲ ಕೊಳಾಲಕ್ಕೆ ಹೋಗ್ಬನ್ನಿ ಭಾವ. ಆಮೇಲೆ ಅವಳೇ ಬುಕ್ ಮಾಡ್ಸು ಅಂತಾಳೆ." ಹೊರಡುವಾಗ ಮುಖವೆಲ್ಲ ಮುಚ್ಚುವ ಅವನ ಹೆಲ್ಮೆಟ್ಟನ್ನೂ ನನ್ನ ತಲೆಗೆ ಇಳಿಸಿದ.

ಭಾನುವಾರ ಹೊರಟೆವು. ಸೀಟು ಎತ್ತರ. ಗಿರಿಜ ಮನೆ ಮುಂದಿನ ಕಲ್ಲುಬೆಂಚು ಹತ್ತಿ, ಅಲ್ಲಿಂದ ಗಾಡಿ ಹತ್ತಿದಳು. ಅಮ್ಮ ಜಗುಲಿಯಿಂದ, "ಲೇ, ಹುಷಾರು ಕಣ್ಲಾ! ಅವ್ಳನ್ನ ಎಲ್ಲಾದ್ರೂ ಬೀಳಿಸ್ಬುಟ್ಟೀಯ!" ಎಂದು ಕೂಗಿದಳು. ನಾನು ಹೂಂ ಎಂದೆ.

ಆಹಾ, ಆ ಸವಾರಿ! ಗುಡುಗುಡು ಸದ್ದಿಗೆ ದಾರಿಯ ನಾಯಿಗಳೇ ಎದ್ದು ಜಾಗ ಬಿಟ್ಟವು. ಚಹಾದಂಗಡಿಯ ಮುಂದೆ ಕೂತವರು ತಿರುಗಿ ನೋಡಿದರು. ನೋಡಿದ್ದು ಗಾಡಿಯನ್ನು, ನಾನು ಅದನ್ನು ನನ್ನ ಲೆಕ್ಕಕ್ಕೆ ಹಾಕಿಕೊಂಡೆ. ಹಿಂದೆ ಗಿರಿಜ ಮಾತಾಡುತ್ತಿದ್ದಾಳೆಂದು ಬೆನ್ನಿಗೆ ಗೊತ್ತಾಗುತ್ತಿತ್ತು. ಮಾತು ಮಾತ್ರ ಒಂದೂ ಕೇಳಿಸುತ್ತಿರಲಿಲ್ಲ. ಹೆಲ್ಮೆಟ್ಟು, ಗಾಳಿ, ಇಂಜಿನ್ನಿನ ಸದ್ದು. ಕೇಳಿಸದಿದ್ದರೇನು, ಅಭ್ಯಾಸ ಇತ್ತಲ್ಲ: ಹೂಂ ಎಂದೆ. ಸ್ವಲ್ಪ ತಡೆದು ಮತ್ತೊಮ್ಮೆ ಹೂಂ. ಕೊಳಾಲದವರೆಗೂ ಅವಳು ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ. ಅವಳಿಗೆ ಕಾಣಲೆಂದು ಒಂದೆರಡು ಸಲ ತಲೆಯನ್ನೂ ಆಡಿಸಿದೆ.

ಅಕ್ಕನ ಮನೆಯಲ್ಲಿ ಇಳಿದಾಗ ಗಿರಿಜಳ ಮುಖ ತೊಳೆದಿಟ್ಟಂತೆ ಇತ್ತು. ಮುದ್ದೆ ಮುಗಿಸಿ ಇನ್ನೊಂದು ಹಾಕಿಸಿಕೊಂಡಳು. ಅಕ್ಕನ ಜೊತೆ ಏನೇನೋ ಹೇಳಿಕೊಂಡು ನಕ್ಕಳು. ಹೊರಡುವಾಗ ನಾನು ಅಳುಕುತ್ತಲೇ ಕೇಳಿದೆ.

"ಹೆಂಗೈತೆ ಗಾಡಿ?"

"ತಗಳ್ರೀ. ಬಾಳ ಚೆನ್ನಾಗೈತೆ."

ನನಗೆ ನಂಬಲಾಗಲಿಲ್ಲ. ಬರುವಾಗಲೂ ಅವಳು ದಾರಿಯುದ್ದಕ್ಕೂ ಮಾತಾಡಿದಳು. ಈ ಸಲ ನಾನು ಬೆನ್ನು ಹಿಂದಕ್ಕೆ ಬಾಗಿಸಿ, ವೇಗ ಇಳಿಸಿ, ಕಿವಿ ಕೊಡಲು ನೋಡಿದೆ. ಏನೂ ಕೇಳಿಸಲಿಲ್ಲ. ಮನೆಗೆ ಬಂದು ಹೆಲ್ಮೆಟ್ಟು ತೆಗೆದವನೇ, "ದಾರೀಲಿ ಅಷ್ಟೊತ್ತೂ ಏನ್ ಹೇಳ್ತಿದ್ದೆ?" ಎಂದೆ.

ಗಿರಿಜ ಸೆರಗು ಸರಿಮಾಡಿಕೊಳ್ಳುತ್ತಾ ಹೇಳಿದಳು: "ಮದ್ವೆ ಆದಾಗಿಂದ ನಿಮಗೆ ಹೇಳ್ಬೇಕು ಅಂದ್ಕಂಡಿದ್ದೆಲ್ಲ ಹೇಳ್ಬುಟ್ಟೆ. ಕೊರಟಗೆರೆ ಬರೋ ಹೊತ್ಗೇ ಗೊತ್ತಾಯ್ತು, ನಿಮಗೆ ಕೇಳುಸ್ತಿಲ್ಲ ಅಂತ. ಅದ್ಕೇ ಒಂದೂ ಬುಡದಂಗೆ ಹೇಳ್ದೆ. ಮನಸ್ಸು ಹಗುರಾಗೋಯ್ತು."

"ಏನದು? ಈಗ ಹೇಳು."

"ಹೇಳಾಯ್ತಲ್ಲ. ನೀವೂ ಹೂಂ ಅಂದ್ರಲ್ಲ."

"ಕೇಳಿಸ್ದೇನೇ ಅಂದದ್ದು ಅದು."

"ಕೇಳ್ಸಿದಾಗ್ಲೂ ಅದ್ನೇ ಅಂತಿದ್ರಿ," ಎಂದು ಒಳಗೆ ಹೋದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮರುದಿನ ಒಂಬತ್ತನೆಯ ತರಗತಿಯಲ್ಲಿ ಶಬ್ದದ ಪಾಠ. ಶಬ್ದ ಹರಡಲು ಮಾಧ್ಯಮ ಬೇಕು, ನಿರ್ವಾತದಲ್ಲಿ ಅದು ಹರಡುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆದು ಹಾಗೇ ನಿಂತುಬಿಟ್ಟೆ. ಏನು ಹೇಳಿರಬಹುದು? ಅವಳು ಹೊಲಿಗೆ ಬಿಟ್ಟ ಬಗ್ಗೆಯೇ? ಆ ಮಿಷನ್ನನ್ನು ಅಟ್ಟಕ್ಕೆ ಹಾಕಿದ್ದು ನನ್ನ ಟ್ಯೂಷನ್ ಮಕ್ಕಳಿಗೆ ಜಾಗ ಬೇಕಾಗಿ. ಅವಳ ಅಪ್ಪ ಕಾಯಿಲೆ ಬಿದ್ದಾಗ, ಪರೀಕ್ಷೆ ಮುಗಿದ ಮೇಲೆ ನೋಡಲು ಹೋಗೋಣ ಎಂದು ನಾನು ಹೇಳಿದ್ದರ ಬಗ್ಗೆಯೇ? ಅಮ್ಮನ ಬಗ್ಗೆಯೇ? ನಾನು ಊಹಿಸಿದಷ್ಟೂ ಪಟ್ಟಿ ಬೆಳೆಯಿತು. ನಿಜ ಹೇಳುತ್ತೇನೆ, ನನಗೆ ಭಯವಾಯಿತು. ಇಷ್ಟು ವರ್ಷ ಕಿವಿಯ ಪಕ್ಕದಲ್ಲೇ ಮಾತಾಡಿದವಳು ಹೇಳದೆ ಉಳಿಸಿಕೊಂಡದ್ದು ಒಂದು ಊರು ತಲುಪುವಷ್ಟು ಉದ್ದವಿತ್ತಲ್ಲ!

ಆಮೇಲಿನದು ವಿಚಿತ್ರ. ಬೇಡವೆಂದಿದ್ದವಳು "ದೊಡ್ಡ ಗಾಡಿ ಯಾವಾಗ ತರ್ತೀರಿ?" ಎಂದು ಕೇಳತೊಡಗಿದಳು. ಬೇಕೆಂದಿದ್ದ ನಾನು ತಪ್ಪಿಸಿಕೊಳ್ಳತೊಡಗಿದೆ. ಮಂಜ ಫೋನು ಮಾಡಿ "ಬುಕ್ ಮಾಡ್ಲಾ ಭಾವ?" ಎಂದರೆ ಕಾಲು ನೆಲಕ್ಕೆ ಎಟುಕುವುದಿಲ್ಲವೆಂದೆ. ಜೀವನದಲ್ಲಿ ಮೊದಲ ಸಲ ನನ್ನ ಎತ್ತರ ಉಪಯೋಗಕ್ಕೆ ಬಂತು. ಮಂಜ ವಾಪಸು ಕೊಟ್ಟ ಹಳೆಯ ಗಾಡಿಯಲ್ಲಿ ಅವಳನ್ನು ಕೂರಿಸಿಕೊಂಡು ಮೂವತ್ತಕ್ಕೆ ಇಳಿದೆ. ಅವಳು ಏನಾದರೂ ಹೇಳಿದರೆ ಬಾಯಿಗೆ ಬಂದ ಹೂಂ ನುಂಗಿ "ಏನಂದೆ?" ಎನ್ನುತ್ತಿದ್ದೆ. ಅವಳು ಹೇಳುತ್ತಿದ್ದದ್ದು ಈರುಳ್ಳಿಯ ವಿಷಯ.

ಬಾಬಣ್ಣನ ಬೀಡಿ ಮುಗಿದಿತ್ತು. "ಫೋಮೇ ಹಾಕಪ್ಪ" ಎಂದೆ. "ಹಿಂದ್ಗಡೆ ಒಂದು ಸ್ವಲ್ಪ ದಪ್ಪಕ್ಕಿರ್ಲಿ."

ಇವತ್ತು ಹೊಸ ಸೀಟಿನ ಮೇಲೆ ಕೊಳಾಲಕ್ಕೆ ಹೊರಟೆವು. ಫೋಮು ಇನ್ನೂ ನಮ್ಮಿಬ್ಬರನ್ನೂ ಒಪ್ಪಿಕೊಂಡಿಲ್ಲ, ಪುಟಿಯುತ್ತದೆ. ಕೊರಟಗೆರೆ ದಾಟಿದ ಮೇಲೆ ಬಂಡೆಗಳ ನಡುವೆ ಒಂದು ಇಳಿಜಾರು ಬಂತು. ಕೀಲಿ ತಿರುಗಿಸಿದೆ. ಇಂಜಿನ್ ನಿಂತಿತು. ಚೈನಿನ ಕಿರಿಕಿರಿ ಬಿಟ್ಟರೆ ಬೇರೆ ಸದ್ದಿಲ್ಲ.

"ಪೆಟ್ರೋಲ್ ಉಳಿಸ್ತಿದ್ದೀರಾ?" ಎಂದಳು ಗಿರಿಜ.

"ಇಲ್ಲ. ಅವತ್ತು ಹೇಳಿದ್ನ ಹೇಳು. ಈಗ ಕೇಳಿಸುತ್ತೆ."

ಭುಜದ ಮೇಲಿನ ಕೈ ಒಮ್ಮೆ ಬಿಗಿಯಾಯಿತು. ಗಾಡಿ ತಗ್ಗಿಗೆ ಬಂದು, ನಿಧಾನವಾಗಿ, ಇನ್ನೇನು ನಿಲ್ಲಬೇಕು ಅನ್ನುವಾಗ ಕಿವಿಯ ಹತ್ತಿರ ಹೇಳಿದಳು.

"ಈ ಇಳಿಜಾರು ಸಾಲಲ್ಲ ಕಣ್ರೀ."

ನಾನು ಇಂಜಿನ್ ಶುರು ಮಾಡಲಿಲ್ಲ. ಪಕ್ಕದ ಮೋರಿಯ ಹತ್ತಿರ ಗಾಡಿ ನಿಲ್ಲಿಸಿ ಸ್ಟ್ಯಾಂಡು ಹಾಕಿದೆ. ಹೆಲ್ಮೆಟ್ಟು ತೆಗೆದು ಹ್ಯಾಂಡಲಿಗೆ ಸಿಕ್ಕಿಸಿದೆ. ಮೋರಿಕಟ್ಟೆಯ ಮೇಲೆ ಇಬ್ಬರೂ ಕುಳಿತೆವು. ಎಷ್ಟೋ ವರ್ಷಗಳಿಂದ ನನ್ನ ಬೆನ್ನಿಗೇ ಮಾತಾಡುತ್ತಿದ್ದವಳು ಈಗ ನನ್ನ ಮುಖ ನೋಡಿ, ಒಂದು ಕ್ಷಣ ನಾಚಿಕೊಂಡು, ಆಮೇಲೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಶುರು ಮಾಡಿದಳು.

"ಮೊದಲ್ನೇದು..."

ನಾನು ಹೂಂ ಅನ್ನಲಿಲ್ಲ.