ಮಖಮಲ್ಲಿನ ಎರಡು ಖುರ್ಚಿ

ಗೆಳೆಯಾರ, ಇವತ್ತ ನಾನು ಒಬ್ಬ ಒಳ್ಳೇ ಮನಷ್ಯಾಗ ಕಳ್ಳ ಅಂದೆ.

ನಾಳಿನ ಏಕೀಕರಣದ ಸಭಾಕ್ಕಂತ ಎರಡು ಹಳೇ ಖುರ್ಚಿಗೆ ಹೊಸಾ ಕೆಂಪು ಮಖಮಲ್ಲ ಹೊದಿಸಿದ್ದೆ. ಜೋಡಿಸಿ ಇಟ್ಟರ ಒಂದು ಕಪ್ಪಗ ಕಾಣ್ತು, ಇನ್ನೊಂದು ತಿಳಿಗೆಂಪು. ಅರಿವಿ ಕೊಟ್ಟ ಅಂಗಡಿ ಶಿವಪ್ಪಣ್ಣಾರನ್ನ ಕರಿಸಿ, ಹತ್ತು ಮಂದಿ ಮುಂದ ಒದರಿದೆ: "ಎರಡು ಬ್ಯಾರೆ ಬ್ಯಾರೆ ಥಾನಿನ ಅರಿವಿ ಕೊಟ್ಟು ಮೋಸಾ ಮಾಡೀರಿ. ಕಳ್ಳರು ನೀವು!"

ಅವರು ಎದ್ದು ಹೋದರು. ಅಲ್ಲೇ ನಿಂತಿದ್ದ ಬೆಟಗೇರಿ ನೇಕಾರ ಗಂಗವ್ವ ಎರಡೂ ಖುರ್ಚಿ ಮ್ಯಾಲ ಅಂಗೈ ಆಡಿಸಿದಳು.

"ಅರಿವಿ ಒಂದ ಐತೋ ತಮ್ಮಾ. ಒಂದನ್ನ ನೀನ ತಲಿಕೆಳಗ ಬಡದೀದಿ. ಇದರ ಎಳಿ ಕೆಳಗ ಮಲಗ್ಯಾವ, ಅದರವು ಮ್ಯಾಲಕ್ಕ ಎದ್ದಾವ, ಅದಕ್ಕ ಬಣ್ಣ ಬ್ಯಾರೆ ಕಾಣತೈತಿ."

ಮೊಳಿ ಕಿತ್ತು, ತಿರುವಿ ಹೊದಿಸಿದೆ. ಎರಡೂ ಒಂದ ಬಣ್ಣ ಆದವು. ನಾಚಿಕಿಯಿಂದ ಯಾರ ಮಾರಿನೂ ನೋಡಾಕ ಆಗಲಿಲ್ಲ ನನಗ.

ಸಂಜೀಕ ಅಂಗಡಿಗೆ ಹೋಗಿ, "ತಪ್ಪಾತ್ರಿ ಅಣ್ಣಾರ" ಅಂದೆ.

ಅರಿವಿ ಅಳಿಯೂದು ಬಿಟ್ಟು ಅವರು ಕೇಳಿದರು: "ಕಳ್ಳ ಅನ್ನೂದು ಹತ್ತು ಮಂದಿ ಮುಂದ, ತಪ್ಪಾತು ಅನ್ನೂದು ನನ್ನೊಬ್ಬನ ಮುಂದ?"

ನಾಳಿ ಸಭಾದಾಗ ಎಲ್ಲಾರ ಮುಂದ ಹೇಳಾವ ಅದೀನಿ. ದಯಮಾಡಿ ತಪ್ಪಸದ ಬರ್ರಿ. ಮಂದಿ ಹತ್ತಕ್ಕಿಂತ ಕಡಿಮಿ ಆದರ ಶಿವಪ್ಪಣ್ಣಾರು ಒಪ್ಪೂದಿಲ್ಲ.